ಟೊಮೆಟೊ ಮಂಡಿಯ ಚಿತ್ರಕ್ಕೆ ಯು/ಎ ಬೇಕು: ಬೈಗುಳಗಳನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬಹುದು?

ಪ್ರಶ್ನೆ: ಸಂಭಾಷಣೆ ಬರೆಯುವವನು, ಕೋಲಾರ

ಎಲ್ಲರಿಗೂ ನಮಸ್ಕಾರ. ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ನಡೆಯುವ ಕಥೆಯೊಂದಕ್ಕೆ ನಾನು ಸಂಭಾಷಣೆ ಬರೆಯುತ್ತಿದ್ದೇನೆ. ಸಣ್ಣ ಬಂಡವಾಳದ ಕನ್ನಡ ಚಿತ್ರ. ಹಣ ಹಾಕುತ್ತಿರುವವರು ನಮ್ಮ ಕಡೆಯವರೇ ಆದ ಒಬ್ಬ ಮಂಡಿ ಮಾಲೀಕರು. ಹರಾಜು ಕೂಗುವವರು, ಬಾಕ್ಸ್ ಇಳಿಸುವ ಹಮಾಲಿಗಳು, ಲಾರಿ ಡ್ರೈವರುಗಳು, ದರ ಬಿದ್ದ ದಿನ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂರುವ ರೈತರು, ಇವರೇ ಪಾತ್ರಗಳು. ಇವರ ಮಾತಿನ ಧಾಟಿ ಬೆಳಗಿನ ಹರಾಜಿನ ಹೊತ್ತಿಗೆ ಮಂಡಿಗೆ ಒಮ್ಮೆ ಬಂದುಹೋದವರಿಗೂ ಗೊತ್ತಿರುತ್ತದೆ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನ ಬೈಗುಳದಲ್ಲಿ ಮುಗಿಯುತ್ತದೆ, ಬೈಸಿಕೊಂಡವನು ನಗುತ್ತಾ ಬೀಡಿ ಹಚ್ಚಿಕೊಳ್ಳುತ್ತಾನೆ. ಆದರೆ 15 ಕೆ.ಜಿ.ಯ ಬಾಕ್ಸಿಗೆ ಬಿಡಿಸಿದ ಕೂಲಿಯೂ ಹುಟ್ಟದ ದಿನ ಅದೇ ಬೈಗುಳ, ಅದೇ ಬಾಯಿಂದ ಬಂದರೂ, ಕೈಕೈ ಮಿಲಾಯಿಸುವಲ್ಲಿಗೆ ಹೋಗುತ್ತದೆ. ನನ್ನ ಕಥೆ ನಿಂತಿರುವುದೇ ಈ ಎರಡು ದಿನಗಳ ನಡುವಿನ ವ್ಯತ್ಯಾಸದ ಮೇಲೆ.

ನಿರ್ಮಾಪಕರು ಮಾತ್ರ ಯು/ಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ) ಪ್ರಮಾಣಪತ್ರ ಬರಲೇಬೇಕು, ಎ (ವಯಸ್ಕರಿಗೆ ಮಾತ್ರ) ಬಂದರೆ ನಮ್ಮ ಮನೆಯ ಹೆಂಗಸರೇ ಟಾಕೀಸಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಪಟ್ಟು ಹಿಡಿದಿದ್ದಾರೆ. ಅಮೆರಿಕದಲ್ಲಿ ಒಂದು ಕೆಟ್ಟ ಪದವನ್ನು ಒಮ್ಮೆ ಬಳಸಿದರೆ ಒಂದು ದರ್ಜೆ, ಎರಡನೆಯ ಸಲ ಬಳಸಿದರೆ ಮತ್ತೊಂದು ದರ್ಜೆ ಎಂಬ ಲೆಕ್ಕವಿದೆ ಎಂದು ಕೇಳಿದ್ದೇನೆ. ನಮ್ಮ ಸೆನ್ಸಾರ್ ಮಂಡಳಿಯಲ್ಲಿಯೂ ಅಂಥ ಲೆಕ್ಕವಿದೆಯೇ? ಇಂಥ ಪದ ನಡೆಯುತ್ತದೆ, ಇಂಥದ್ದು ನಡೆಯುವುದಿಲ್ಲ ಎಂಬ ಪಟ್ಟಿ ಇದ್ದರೆ ಬರೆಯುವಾಗಲೇ ಹುಷಾರಾಗಿರಬಹುದು. ಈ ಕೆಲಸದ ಒಳಹೊರಗು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಚಿಂತಾಮಣಿ ಮೂಲದ ಧ್ವನಿ ತಂತ್ರಜ್ಞ, ಈಗ ಬೆಂಗಳೂರು

ನಮಸ್ಕಾರ. ಮೊದಲು ಅಮೆರಿಕದ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅದನ್ನು ನಮ್ಮಲ್ಲಿಗೆ ತಂದು ಹೋಲಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತಿದೆ. ಅಲ್ಲಿ ದರ್ಜೆ ಕೊಡುವುದು ಸರ್ಕಾರವಲ್ಲ, ಚಿತ್ರ ನಿರ್ಮಾಣ ಸಂಸ್ಥೆಗಳ ಸಂಘ 1968ರಲ್ಲಿ ತಾನೇ ಮಾಡಿಕೊಂಡ ವ್ಯವಸ್ಥೆ. 1984ರಲ್ಲಿ ಅದಕ್ಕೆ ಪಿಜಿ-13 (13ರೊಳಗಿನ ಮಕ್ಕಳಿದ್ದರೆ ತಂದೆತಾಯಿಗಳು ಹುಷಾರಾಗಿರಿ) ಎಂಬ ದರ್ಜೆ ಸೇರಿತು. ಲೈಂಗಿಕ ಮೂಲದ ಒರಟು ಪದವನ್ನು ಬರಿಯ ಉದ್ಗಾರವಾಗಿ ಒಮ್ಮೆ ಬಳಸಿದರೆ ಪಿಜಿ-13ರಲ್ಲಿ ಉಳಿಯಬಹುದು. ಒಂದಕ್ಕಿಂತ ಹೆಚ್ಚು ಸಲ ಬಂದರೆ ಅಥವಾ ಲೈಂಗಿಕ ಅರ್ಥದಲ್ಲಿಯೇ ಬಂದರೆ ಸಾಮಾನ್ಯವಾಗಿ ಅದಕ್ಕಿಂತ ಬಿಗಿಯಾದ ಆರ್ ದರ್ಜೆ. ತೊದಲುವ ಬ್ರಿಟಿಷ್ ದೊರೆಯೊಬ್ಬನಿಗೆ ಮಾತಿನ ಚಿಕಿತ್ಸೆ ಕೊಡುವ ಕಥೆಯ ‘ದಿ ಕಿಂಗ್ಸ್ ಸ್ಪೀಚ್’ ಚಿತ್ರಕ್ಕೆ, ಚಿಕಿತ್ಸೆಯ ಅಂಗವಾಗಿ ಆತ ಒಂದೇ ಸಮನೆ ಬೈಗುಳ ಹೇಳುವ ದೃಶ್ಯದ ಕಾರಣದಿಂದ ಅಲ್ಲಿ ಆರ್ ಸಿಕ್ಕಿತು. ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಬಂದ ನಂತರ 2011ರಲ್ಲಿ ಕೆಲವು ಪದಗಳ ಧ್ವನಿ ಅಡಗಿಸಿ ಪಿಜಿ-13 ಆವೃತ್ತಿಯನ್ನೂ ಬಿಡುಗಡೆ ಮಾಡಿದರು. ಬ್ರಿಟನ್ನಿನ ಮಂಡಳಿ ಅದೇ ಚಿತ್ರಕ್ಕೆ ಮೊದಲು 15 (15 ತುಂಬದವರಿಗೆ ಪ್ರವೇಶವಿಲ್ಲ) ಎಂದು ಹೇಳಿ, ಮೇಲ್ಮನವಿಯ ನಂತರ ಸಂದರ್ಭವನ್ನು ಪರಿಗಣಿಸಿ 12ಎಗೆ (12ರೊಳಗಿನವರು ದೊಡ್ಡವರ ಜೊತೆ ಬರಬಹುದು) ಇಳಿಸಿತು. ಲೆಕ್ಕ ಇಟ್ಟುಕೊಂಡವರ ಪಾಡು ಒಂದು, ಸಂದರ್ಭ ನೋಡಿದವರ ತೀರ್ಮಾನ ಇನ್ನೊಂದು.

ನಮ್ಮ ವ್ಯವಸ್ಥೆ ಬರವಣಿಗೆಯ ಮಟ್ಟದಲ್ಲಿ ಎರಡನೆಯ ಬಗೆಯದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೇಂದ್ರ ಸರ್ಕಾರ 1991ರಲ್ಲಿ ಹೊರಡಿಸಿದ ಮಾರ್ಗಸೂಚಿಗಳೇ ಆಧಾರ. ಅಶ್ಲೀಲತೆ ಮತ್ತು ಅಸಭ್ಯತೆಯಿಂದ ನೋಡುಗರ ಸಂವೇದನೆಗೆ ಘಾಸಿಯಾಗಬಾರದು, ಕೀಳು ಅಭಿರುಚಿಯನ್ನು ಕೆರಳಿಸುವ ದ್ವಂದ್ವಾರ್ಥದ ಮಾತು ಇರಬಾರದು, ಯಾವುದೇ ಜನವರ್ಗವನ್ನು ಹೀಗಳೆಯುವ ಪದ ಇರಬಾರದು ಎಂದು ಅವು ಹೇಳುತ್ತವೆಯೇ ಹೊರತು ಎಷ್ಟು ಸಲ ಎಂದು ಹೇಳುವುದಿಲ್ಲ. ಚಿತ್ರವನ್ನು ಇಡಿಯಾಗಿ, ಅದರ ಒಟ್ಟು ಪರಿಣಾಮದ ದೃಷ್ಟಿಯಿಂದ ನೋಡಬೇಕೆಂದೂ ಅಲ್ಲಿಯೇ ಇದೆ. 2015ರ ಆರಂಭದಲ್ಲಿ ಮಂಡಳಿಯ ಅಂದಿನ ಅಧ್ಯಕ್ಷರು ನಿಷಿದ್ಧ ಪದಗಳ ಪಟ್ಟಿಯೊಂದನ್ನು ಪ್ರಾದೇಶಿಕ ಕಚೇರಿಗಳಿಗೆ ಕಳುಹಿಸಿದ್ದುಂಟು. ಚಿತ್ರರಂಗದವರಷ್ಟೇ ಅಲ್ಲದೆ ಮಂಡಳಿಯ ಸದಸ್ಯರೂ ಆಕ್ಷೇಪಿಸಿದ್ದರಿಂದ ಅದನ್ನು ತಡೆಹಿಡಿಯಬೇಕಾಯಿತು. ಆದ್ದರಿಂದ ನಿಮ್ಮ ಮೇಜಿನ ಮೇಲೆ ಅಂಟಿಸಿಕೊಳ್ಳುವಂಥ ಪಟ್ಟಿ ಇಲ್ಲ.

ನಡೆಯುವುದು ಹೀಗೆ. ಅರ್ಜಿಯ ಜೊತೆ ಸಂಭಾಷಣೆಯೆಲ್ಲ ಇರುವ ಸ್ಕ್ರಿಪ್ಟನ್ನೂ ಕೊಡುತ್ತೀರಿ. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಪ್ರಾದೇಶಿಕ ಕಚೇರಿಯ ಅಧಿಕಾರಿ ಮತ್ತು ಸಲಹಾ ಸಮಿತಿಯ ಸದಸ್ಯರು ಸೇರಿದ ಎಕ್ಸಾಮಿನಿಂಗ್ ಕಮಿಟಿ ಚಿತ್ರ ನೋಡಿ, ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ದಾಖಲಿಸುತ್ತಾರೆ. ಆಮೇಲೆ ನಿಮ್ಮವರನ್ನು ಒಳಗೆ ಕರೆಯುತ್ತಾರೆ. ಅಲ್ಲಿ ಆಗುವುದು ಬಹುಪಾಲು ಚೌಕಾಸಿಯೇ: ಎ ಒಪ್ಪಿದರೆ ಹೆಚ್ಚಿನ ಮಾತುಗಳು ಉಳಿಯುತ್ತವೆ, ಯು/ಎ ಬೇಕೆಂದರೆ ಇಷ್ಟಿಷ್ಟು ಕಡೆ ಮ್ಯೂಟ್ ಮಾಡಿ ಅಥವಾ ಬೇರೆ ಮಾತು ಹಾಕಿ. ಒಪ್ಪಿಗೆಯಾಗದಿದ್ದರೆ ಚಿತ್ರವನ್ನು ಮತ್ತೊಮ್ಮೆ ನೋಡುವ ರಿವೈಸಿಂಗ್ ಕಮಿಟಿ ಇದೆ. ಅದರಾಚೆಗಿದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿರುವುದರಿಂದ ಈಗ ನೇರವಾಗಿ ಹೈಕೋರ್ಟಿಗೆ ಹೋಗಬೇಕು. 2016ರಲ್ಲಿ ‘ಉಡ್ತಾ ಪಂಜಾಬ್’ ಚಿತ್ರದವರು ಬಾಂಬೆ ಹೈಕೋರ್ಟಿಗೆ ಹೋಗಿ ಒಂದೇ ಕಡಿತದೊಂದಿಗೆ ಹೊರಬಂದರು, ಆದರೆ ಅವರ ಕೈಗೆ ಬಂದದ್ದು ಎ ಪ್ರಮಾಣಪತ್ರ. ಬಿಡುಗಡೆ ದಿನಾಂಕ ಗೊತ್ತುಮಾಡಿಕೊಂಡಿರುವ ಸಣ್ಣ ನಿರ್ಮಾಪಕರಿಗೆ ಈ ದಾರಿ ಇದ್ದೂ ಇಲ್ಲದಂತೆ.

ಇನ್ನು, ನೀವು ಹೇಳುತ್ತಿರುವ ಯು/ಎ ಈಗ ಒಂದೇ ಅಲ್ಲ. 2023ರ ತಿದ್ದುಪಡಿ ಮತ್ತು 2024ರ ನಿಯಮಾವಳಿಯ ನಂತರ ಅದು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ನಿಮ್ಮ ಮಂಡಿಯ ಕಥೆ 16+ನ ಕಡೆಗೆ ಹೋದರೂ ನಿರ್ಮಾಪಕರು ಗಾಬರಿಯಾಗಬೇಕಿಲ್ಲ, ಏಕೆಂದರೆ ಆ ವಯಸ್ಸಿನ ಗುರುತು ತಂದೆತಾಯಿಗಳು ನೋಡಿಕೊಂಡು ತೀರ್ಮಾನಿಸಲೆಂದು ಇರುವುದು, ಬಾಗಿಲಲ್ಲಿ ತಡೆಯಲೆಂದಲ್ಲ.

ನನ್ನ ಕಸುಬಿನ ಮಾತೊಂದನ್ನು ಸೇರಿಸುತ್ತೇನೆ. ಮ್ಯೂಟ್ ಎಂದರೆ ಎಲ್ಲರೂ ಸುಲಭ ಎಂದುಕೊಳ್ಳುತ್ತಾರೆ. ಹರಾಜಿನ ಗದ್ದಲದ ನಡುವೆ ಒಬ್ಬ ಬಾಯ್ತುಂಬ ಬೈಯುವ ಕ್ಲೋಸಪ್ ಇದೆಯೆನ್ನಿ. ಸಂಭಾಷಣೆಯ ಟ್ರ್ಯಾಕನ್ನು ಬೇರೆಯಾಗಿ ಇಟ್ಟುಕೊಳ್ಳದಿದ್ದರೆ ಆ ಪದದ ಜೊತೆಗೆ ಮಂಡಿಯ ಸದ್ದೂ ಕತ್ತರಿಸಿಹೋಗಿ, ಅರ್ಧ ಸೆಕೆಂಡು ಚಿತ್ರಮಂದಿರವೇ ಕಿವುಡಾದಂತೆ ಆಗುತ್ತದೆ. ತುಟಿಯಂತೂ ಆಡುತ್ತಲೇ ಇರುತ್ತದೆ, ಪ್ರೇಕ್ಷಕರು ಆ ಖಾಲಿ ಜಾಗಕ್ಕೆ ನೀವು ಬರೆದದ್ದಕ್ಕಿಂತ ಕೆಟ್ಟದ್ದನ್ನು ತುಂಬಿಕೊಂಡು ಗೊಳ್ಳೆನ್ನುತ್ತಾರೆ. ನಿಮ್ಮ ಗಂಭೀರ ದೃಶ್ಯ ಅಲ್ಲಿಗೆ ಮುಗಿಯಿತು. ಆದ್ದರಿಂದ ಅನುಮಾನವಿರುವ ಮಾತುಗಳನ್ನು ಬೈಸಿಕೊಳ್ಳುವವನ ಮುಖದ ಮೇಲೆ ಕ್ಯಾಮೆರಾ ಇಟ್ಟು ತೆಗೆದ ಒಂದು ಶಾಟ್ ಕೂಡ ನಿಮ್ಮ ಬಳಿ ಇರಲಿ. ಡಬ್ಬಿಂಗಿನ ದಿನವೇ ಬದಲಿ ಮಾತನ್ನೂ ಹೇಳಿಸಿಡಿ. ತುಟಿ ಮುಚ್ಚುವ ಪ, ಬ, ಮ ಅಕ್ಷರಗಳು ಮೂಲದಲ್ಲಿ ಎಲ್ಲಿವೆಯೋ ಬದಲಿಯಲ್ಲಿಯೂ ಅಲ್ಲಿಯೇ ಬಂದರೆ ಯಾರಿಗೂ ತಿಳಿಯುವುದಿಲ್ಲ. ಸೆನ್ಸಾರ್ ಆದಮೇಲೆ ಕಲಾವಿದರನ್ನು ಮತ್ತೆ ಸ್ಟುಡಿಯೋಗೆ ಕರೆಸುವುದು ಎಷ್ಟು ಕಷ್ಟ ಎಂಬುದನ್ನು ನಿಮ್ಮ ಮ್ಯಾನೇಜರನ್ನು ಕೇಳಿ.

ಉತ್ತರ: ಚಿತ್ರ ಪ್ರದರ್ಶಕ, ಗೌರಿಬಿದನೂರು ಕಡೆ

ನಿಮ್ಮ ನಿರ್ಮಾಪಕರು ಹೇಳುವುದರಲ್ಲಿ ಹುರುಳಿದೆ. ಎ ಎಂದರೆ 18 ತುಂಬದವರನ್ನು ಅಪ್ಪ ಅಮ್ಮ ಜೊತೆಗಿದ್ದರೂ ಒಳಗೆ ಬಿಡುವಂತಿಲ್ಲ. ಬಿಟ್ಟರೆ ಕಾನೂನಿನ ಪ್ರಕಾರ ಹೊಣೆ ನಮ್ಮ ಮೇಲೆ ಬರುತ್ತದೆ. ಅಮೆರಿಕದ ಆರ್ ದರ್ಜೆಗೆ 17ರೊಳಗಿನವರು ದೊಡ್ಡವರ ಜೊತೆ ಹೋಗಬಹುದು, ನಮ್ಮ ಎ ಅದಕ್ಕಿಂತ ಬಿಗಿ. ತಾಲ್ಲೂಕು ಊರಿನಲ್ಲಿ ಭಾನುವಾರದ ಮ್ಯಾಟಿನಿಗೆ ಬರುವುದು ಸಂಸಾರ ಸಮೇತ ಬರುವವರು. ಗೇಟಿನ ಹತ್ತಿರ ಹುಡುಗನೊಬ್ಬನನ್ನು ತಡೆದರೆ ಅವನೊಬ್ಬನ ಟಿಕೆಟ್ ಹೋಗುವುದಿಲ್ಲ, ಅವನ ಜೊತೆ ಬಂದ ಅಷ್ಟೂ ಜನ ಹಿಂದಿರುಗುತ್ತಾರೆ.

ಎರಡನೆಯದು ಟಿ.ವಿ. ಎ ಪ್ರಮಾಣಪತ್ರದ ಚಿತ್ರವನ್ನು ಇದ್ದಂತೆಯೇ ಚಾನೆಲ್‌ನಲ್ಲಿ ಹಾಕಲಾಗುವುದಿಲ್ಲ. ಕತ್ತರಿಸಿ, ಮಂಡಳಿಯಿಂದ ಮತ್ತೆ ಪ್ರಮಾಣಪತ್ರ ಪಡೆಯಬೇಕು. ಸಣ್ಣ ಚಿತ್ರಕ್ಕೆ ಸ್ಯಾಟಲೈಟ್ ಹಕ್ಕಿನಿಂದಲೇ ಹಾಕಿದ ಹಣದ ಒಂದು ಭಾಗ ವಾಪಸಾಗಬೇಕಿರುವಾಗ ಇದು ಸಣ್ಣ ತೊಡಕಲ್ಲ. ಒಟಿಟಿಯ ವಿಚಾರ ಬೇರೆ, 2021ರ ಐ.ಟಿ. ನಿಯಮಗಳ ಪ್ರಕಾರ ಅವರೇ ವಯಸ್ಸಿನ ದರ್ಜೆ ಹಾಕಿಕೊಳ್ಳುತ್ತಾರೆ. ಟಾಕೀಸಿನಲ್ಲಿ ಮ್ಯೂಟ್ ಆದ ಮಾತು ಫೋನಿನಲ್ಲಿ ಕೇಳಿಸುವುದೂ ಉಂಟು, ಅದನ್ನೇ ನೋಡಿ ಬಂದ ಹುಡುಗರು ನಮ್ಮನ್ನು ನೀವು ಕಟ್ ಮಾಡಿದ್ದೀರಾ ಎಂದು ಕೇಳುತ್ತಾರೆ! ಮಂಡಳಿ ತೆಗೆಸಿದ ಭಾಗವನ್ನು ಮತ್ತೆ ಸೇರಿಸಿ ತೋರಿಸುವುದು ಅಪರಾಧ ಎಂದು ಹೇಳಿ ಹೇಳಿ ಸಾಕಾಗಿದೆ.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕಿ, ತುಮಕೂರು

ಮೇಲಿನ ಇಬ್ಬರೂ ವ್ಯವಹಾರ ಬಲ್ಲವರು, ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಮನೆಯ ಹೆಂಗಸರು ಬರುವುದಿಲ್ಲ ಎಂಬ ಮಾತನ್ನು ನೀವೆಲ್ಲರೂ ಅಷ್ಟು ಸುಲಭವಾಗಿ ದಾಟಿಕೊಂಡು ಹೋದದ್ದು ನನಗೆ ಸರಿಕಾಣಲಿಲ್ಲ. ಯಾಕೆ ಬರುವುದಿಲ್ಲ? ಒರಟು ಮಾತು ಕೇಳಿ ಅವರ ಕಿವಿಗೆ ಅಭ್ಯಾಸವಿಲ್ಲವೆಂದೇ? ನಮ್ಮ ಜಿಲ್ಲೆಯ ಮೂಡಲಪಾಯ ಯಕ್ಷಗಾನದಲ್ಲಿ ಕೋಡಂಗಿ ಆಡುವ ಮಾತುಗಳನ್ನು ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಿನವರೆಗೆ ಕೇಳಿ ನಕ್ಕವರೇ. ನಲ್ಲಿಯ ಕಟ್ಟೆಯ ಜಗಳವನ್ನು ಯಥಾವತ್ತಾಗಿ ಬರೆದುಕೊಂಡು ಹೋದರೆ ಯಾವ ಕಮಿಟಿಯೂ ಯು/ಎ ಕೊಡಲಿಕ್ಕಿಲ್ಲ.

ನನಗೆ ಕಾಣುವಂತೆ ಕಾರಣ ಬೇರೆಯಿದೆ. ಇಬ್ಬರು ಗಂಡಸರು ಜಗಳವಾಡುವಾಗ ತೆರೆಯ ಮೇಲೆ ಬರುವ ಬೈಗುಳಗಳನ್ನು ಗಮನಿಸಿ. ಬೋಳಿಮಗ ಎಂದರೂ, ಅದಕ್ಕಿಂತ ಮುಂದೆ ಹೋದರೂ, ಪೆಟ್ಟು ಬೀಳುವುದು ಅಲ್ಲಿ ಇಲ್ಲದ ಒಬ್ಬ ತಾಯಿಗೆ, ಅಕ್ಕನಿಗೆ, ಗಂಡ ಸತ್ತವಳಿಗೆ. ಎರಡು ಗಂಟೆ ಕುಳಿತು ಅದನ್ನು ಕೇಳುವುದಕ್ಕೆ ಹೆಣ್ಣುಮಕ್ಕಳು ದುಡ್ಡು ಕೊಟ್ಟು ಯಾಕೆ ಬರಬೇಕು? ಜಾತಿಯ ಹೆಸರು ಹಿಡಿದು ಬೈಯುವ ಮಾತಿನ ವಿಷಯದಲ್ಲಿಯೂ ಇದೇ ಪ್ರಶ್ನೆಯಿದೆ. ನಿಜಜೀವನದಲ್ಲಿ ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಹಾಗೆ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಥೆಯಲ್ಲಿ ಅದು ಬರಬಾರದೆಂದು ನಾನು ಹೇಳುವುದಿಲ್ಲ, ದಬ್ಬಾಳಿಕೆಯನ್ನು ತೋರಿಸುವ ಚಿತ್ರದಲ್ಲಿ ಅದನ್ನು ಮರೆಮಾಚುವುದೇ ಸುಳ್ಳು. ಆದರೆ ಅದನ್ನು ಆಡಿದವನ ಮೇಲೆ ಚಿತ್ರದ ಕಣ್ಣು ಹೇಗಿದೆ ಎಂಬುದು ಕಮಿಟಿಗೂ ಗೊತ್ತಾಗುತ್ತದೆ, ಪ್ರೇಕ್ಷಕರಿಗೂ ಗೊತ್ತಾಗುತ್ತದೆ.

ನಿಮ್ಮ ಮಂಡಿಯ ಜನ ಬೈಯುವುದಷ್ಟನ್ನೇ ಮಾಡುವುದಿಲ್ಲ, ಶಾಪವನ್ನೂ ಹಾಕುತ್ತಾರೆ. ‘ನಿನ್ ಮನೆ ಎಕ್ಕುಟ್ಟೋಗ’, ‘ನಿನ್ ಬಾಯಿಗೆ ಮಣ್ಣಾಕ’, ‘ನಿಂಗೆ ಬರಬಾರದ್ದು ಬರ’ ಎಂಬಂಥವು. ದರ ಬಿದ್ದು ಸರಕನ್ನು ರಸ್ತೆಗೆ ಸುರಿದು ಹೋಗುವ ರೈತ ಮಂಡಿಯವನ ಮುಖ ನೋಡಿ ಸಣ್ಣ ದನಿಯಲ್ಲಿ ಇಂಥದ್ದೊಂದು ಹೇಳಿದರೆ ಅದರ ಮುಂದೆ ಯಾವ ಬೈಗುಳವೂ ನಿಲ್ಲುವುದಿಲ್ಲ, ಕತ್ತರಿಯ ಭಯವೂ ಇಲ್ಲ. ಇದನ್ನು ಸೆನ್ಸಾರಿಗೆ ಹೆದರಿ ಮಾಡುವ ರಾಜಿ ಎಂದು ಭಾವಿಸಬೇಡಿ. ನಮ್ಮ ಸೀಮೆಯ ಭಾಷೆಯ ಕಸುವು ಇರುವುದು ಅಲ್ಲಿ, ಇತ್ತೀಚಿನ ಸಂಭಾಷಣೆಕಾರರು ಕೈ ಹಾಕದೆ ಬಿಟ್ಟಿರುವುದೂ ಆ ಕಸುವಿಗೇ.

ಒಂದು ದೂರು ಮಾತ್ರ ಇದೆ. ದ್ವಂದ್ವಾರ್ಥ ಬೇಡ ಎಂದು ಮಾರ್ಗಸೂಚಿಯಲ್ಲಿ ಬರೆದಿದ್ದರೂ, ನಾಯಕಿಯ ಮೈಯನ್ನು ಕುರಿತು ಹಾಸ್ಯನಟ ಹೇಳುವ ಪೋಲಿ ಮಾತುಗಳು ಯು/ಎ ಚಿತ್ರಗಳಲ್ಲಿ ನಿರಾಯಾಸವಾಗಿ ದಾಟಿಬರುತ್ತವೆ. ಹೊಟ್ಟೆಯ ಉರಿಯಿಂದ ಬೈದ ಕೂಲಿಯವನ ಬಾಯಿಗೆ ಮಾತ್ರ ಬೀಪ್ ಬೀಳುತ್ತದೆ. ಇದಕ್ಕೆ ಯಾರಾದರೂ ಸಮಾಧಾನ ಹೇಳಿದರೆ ಕೇಳುವೆ.

ಪ್ರಶ್ನೆ ಕೇಳಿದವನ ಮಾತು

ಎಲ್ಲರಿಗೂ ಕೃತಜ್ಞ. ಮೇಡಂ, ನಿಮ್ಮ ಮಾತು ಓದಿದ ಮೇಲೆ ಸ್ಕ್ರಿಪ್ಟನ್ನು ಮತ್ತೊಮ್ಮೆ ತಿರುವಿಹಾಕಿದೆ. ತಮಾಷೆಯ ಬೈಗುಳಗಳಲ್ಲಿ ಬಹುಪಾಲು ತೆಗೆದರೂ ದೃಶ್ಯಕ್ಕೆ ನಷ್ಟವಿಲ್ಲ. ಜಗಳದ ದೃಶ್ಯದ ಒಂದು ಮಾತನ್ನು ಮಾತ್ರ ಬಿಟ್ಟುಕೊಡಲು ಮನಸ್ಸಿಲ್ಲ, ಅದು ತೆಲುಗಿನಲ್ಲಿದೆ. ಕನ್ನಡ ಚಿತ್ರದಲ್ಲಿ ತೆಲುಗಿನ ಪದ ಎಂದು ಅದು ಉಳಿದುಕೊಳ್ಳಬಹುದೇ?

ಉತ್ತರ: ಚಿಂತಾಮಣಿ ಮೂಲದ ಧ್ವನಿ ತಂತ್ರಜ್ಞ

ಆ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಕಮಿಟಿಯಲ್ಲಿ ತೆಲುಗು ಬಲ್ಲವರು ಒಬ್ಬರೂ ಇರಲಾರರು ಎಂದುಕೊಳ್ಳುವುದು ಅಪಾಯ, ಮೇಲಾಗಿ ಆ ಮಾತು ಸ್ಕ್ರಿಪ್ಟಿನಲ್ಲಿಯೂ ಸಬ್‌ಟೈಟಲ್‌ನಲ್ಲಿಯೂ ಅಚ್ಚಾಗಿ ಅವರ ಮುಂದೆಯೇ ಇರುತ್ತದೆ. ಉಳಿದ ಕಡೆಗಳಲ್ಲಿ ನೀವೇ ತೆಗೆದುಹಾಕಿ, ಕಥೆಯ ತಿರುವು ಇರುವ ಆ ಒಂದೇ ಕಡೆ ಉಳಿಸಿಕೊಂಡರೆ, ಇದು ಯಾಕೆ ಬೇಕು ಎಂದು ವಾದಿಸಲು ನಿಮ್ಮ ನಿರ್ದೇಶಕರಿಗೆ ಬಾಯಿ ಇರುತ್ತದೆ. ಆ ಮಾತನ್ನು ಆಡುವವನ ಬೆನ್ನ ಹಿಂದಿನಿಂದಲೂ ಒಂದು ಶಾಟ್ ತೆಗೆಯಲು ಈಗಲೇ ಹೇಳಿಡಿ. ಒಪ್ಪದಿದ್ದರೆ ಆ ಶಾಟ್‌ಗೆ ಅಧ್ಯಾಪಕಿ ಮೇಡಂ ಹೇಳಿದ ಶಾಪಗಳಲ್ಲೊಂದನ್ನು ಹಾಕೋಣ, ತುಟಿ ಹೊಂದಿಸುವ ತಾಪತ್ರಯವೂ ಇರುವುದಿಲ್ಲ.