ಅಪ್‌ಡೇಟ್: ಹಾಸ್ಟೆಲ್ ವೈ-ಫೈಯಲ್ಲಿ ರಾತ್ರೋರಾತ್ರಿ ಇಳಿಯುತ್ತಿದ್ದ ಬ್ಯಾಟರಿ
ವಿಜಯಪುರದ ನಮ್ಮ ಹಾಸ್ಟೆಲಿನಲ್ಲಿ ವೈ-ಫೈಗೆ ಸೇರಿದ ಮೊಬೈಲುಗಳ ಬ್ಯಾಟರಿ ಮುಟ್ಟದೆ ಇಟ್ಟರೂ ಬೆಳಗಾಗುವಷ್ಟರಲ್ಲಿ ಏಕೆ ಇಳಿಯುತ್ತದೆ ಎಂದು ಕೇಳಿದ್ದೆ; ರೌಟರ್ ಅಡ್ವರ್ಟೈಸ್‌ಮೆಂಟ್‌ಗಳನ್ನು (ತಾನಿರುವುದನ್ನು ಸಾಧನಗಳಿಗೆ ತಿಳಿಸಲು ರೌಟರ್ ಕಳುಹಿಸುವ ಪ್ರಕಟಣೆಗಳನ್ನು) ಪರೀಕ್ಷಿಸಿ ಎಂದವರ ಊಹೆ ಸರಿಯಾಗಿತ್ತು. ಯಾವುದೇ ಹೊಸ ಸಾಧನ ಐಪಿವಿ6 (ಇಂಟರ್ನೆಟ್ ವಿಳಾಸ ವ್ಯವಸ್ಥೆಯ ಹೊಸ ಆವೃತ್ತಿ) ರೌಟರ್ ಎಲ್ಲಿದೆಯೆಂದು ವಿಚಾರಿಸಿದಾಗ, ಅದೊಂದಕ್ಕೇ ಯುನಿಕಾಸ್ಟ್‌ನಲ್ಲಿ ಉತ್ತರಿಸುವ ಬದಲು ನಮ್ಮ ರೌಟರ್ ಮಲ್ಟಿಕಾಸ್ಟ್‌ನಲ್ಲಿ ಎಲ್ಲರಿಗೂ ಸಾರುತ್ತಿತ್ತು. ಒಬ್ಬ ದಾರಿ ಕೇಳಿದ್ದಕ್ಕೆ ಊರಿಗೆಲ್ಲ ಡಂಗುರ ಹೊಡೆದಂತೆ, ನಿದ್ರಾಸ್ಥಿತಿಯಲ್ಲಿದ್ದ ಮೊಬೈಲುಗಳೆಲ್ಲ ಎಚ್ಚರಗೊಳ್ಳುತ್ತಿದ್ದವು. ಇಂಥ ಮಲ್ಟಿಕಾಸ್ಟ್ ಪ್ರಕಟಣೆಗಳು ಸರಾಸರಿ ಗಂಟೆಗೆ 7ರ ಆಸುಪಾಸಿನಲ್ಲಿದ್ದರೆ ಸಾಕೆಂದೂ, ಅದಕ್ಕೆ ಹೊಂದುವಂತೆ ರೌಟರ್‌ನ ಮಾನ್ಯತೆಯ ಅವಧಿ (ಒಂದು ಪ್ರಕಟಣೆಯನ್ನು ನಂಬಿ ಸಾಧನ ಆ ರೌಟರನ್ನು ಬಳಸಬಹುದಾದ ಸಮಯ) 45ರಿಂದ 90 ನಿಮಿಷ ಇರಬೇಕೆಂದೂ 2016ರ ಆರ್‌ಎಫ್‌ಸಿ 7772 ಎಂಬ ಇಂಟರ್ನೆಟ್ ತಾಂತ್ರಿಕ ಮಾರ್ಗಸೂಚಿ ಸೂಚಿಸುತ್ತದೆ. ಯುನಿಕಾಸ್ಟ್ ಆಯ್ಕೆಯನ್ನು ಆನ್ ಮಾಡಿಸಿದ ಬಳಿಕ ರಾತ್ರಿಯ ಇಳಿಕೆ ಸ್ಪಷ್ಟವಾಗಿ ತಗ್ಗಿದೆ. ಸವೆದ ಬ್ಯಾಟರಿಯವರ ದೂರು ಮಾತ್ರ ಹಾಗೆಯೇ ಇದೆ (ಅದಕ್ಕೆ ರೌಟರ್ ಹೊಣೆಯಲ್ಲ). ಮಾನ್ಯತೆಯ ಅವಧಿಯ ಬದಲಾವಣೆ ಇನ್ನೂ ಬಾಕಿಯಿದೆ.