ನದಿ ಉದ್ದಕ್ಕೂ ಇದೆ, ಗಾಳ ಎಲ್ಲಿ ಹಾಕಲಿ?

ಹೊಸಗಾಳ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನಿಂತ ನೀರಿನಲ್ಲಿ ಮಾತ್ರ ಗಾಳ ಹಾಕಿದವನು ನಾನು. ಬೆಂಡು ಬಿಟ್ಟು ಕೂತರೆ ಆಯ್ತು, ಅದು ಇದ್ದಲ್ಲೇ ಇರುತ್ತಿತ್ತು. ಈಗ ಮೂರು ವಾರದಿಂದ ಒಂದು ಕಣಿವೆಯ ನದಿಗೆ ಹೋಗುತ್ತಿದ್ದೇನೆ. ಎರಡೂ ಕಡೆ ಗುಡ್ಡ, ನಡುವೆ ಹೊಲ, ನದಿ ಹೆಚ್ಚುಕಮ್ಮಿ 20 ಮೀಟರ್ ಅಗಲ. ಗಾಡಿ ನಿಲ್ಲಿಸಲು ಜಾಗ ಇರುವುದು ಸೇತುವೆ ಹತ್ತಿರ ಮಾತ್ರ, ಹಾಗಾಗಿ ಅಲ್ಲೇ ಹಾಕಿ ನೋಡಿದೆ. ಬೆಂಡು ಎರಡು ನಿಮಿಷ ನಿಲ್ಲುವುದಿಲ್ಲ, ಸೆಳೆತಕ್ಕೆ ಸಿಕ್ಕಿ ದಡದ ಹುಲ್ಲಿಗೆ ಬಂದು ಸೇರುತ್ತದೆ. ಮೂರು ವಾರಕ್ಕೆ ಸಿಕ್ಕಿದ್ದು ಬೆರಳುದ್ದದ ಎರಡು ಮೀನು. ಇಂತಹ ನದಿಯಲ್ಲಿ ಜಾಗ ಹುಡುಕುವುದು ಹೇಗೆ? ಎಲ್ಲ ಕಡೆ ಒಂದೇ ತರಹ ಕಾಣುತ್ತದೆ ನನಗೆ.

ಸೀಸದಗುಂಡು:
ಅಡ್ಡಗಟ್ಟೆ ಏನಾದರೂ ಇದೆಯಾ? ಇದ್ದರೆ ಅದರ ಕೆಳಗೆ ಹೋಗಿ. ಮೇಲಕ್ಕೆ ಈಜುವ ಮೀನು ಅಲ್ಲಿ ಬಂದು ನಿಲ್ಲಲೇಬೇಕು, ಮುಂದೆ ದಾರಿ ಇಲ್ಲ. ನೀರು ಬಿದ್ದು ಗಾಳಿಯೂ ಬೆರೆಯುತ್ತದೆ. ಬೇರೆ ಜಾಗ ಹುಡುಕುವ ತಲೆನೋವೇ ಬೇಡ.

ಮಡುಕಾಯುವವ:
ಹೊಸಗಾಳ, ಎಲ್ಲ ಒಂದೇ ತರಹ ಕಾಣುವುದು ಮೇಲಿನ ನೀರು ಮಾತ್ರ. ಕೆಳಗೆ ಹಾಗಿಲ್ಲ.

ಒಂದು ಮಾತು ನೆನಪಿಟ್ಟುಕೊಳ್ಳಿ. ಮೀನಿಗೆ ಎರಡು ಬೇಕು, ಮೈ ದಣಿಯಬಾರದು, ಊಟ ಮುಂದೆಯೇ ಹಾದು ಹೋಗಬೇಕು. ಜೋರು ನೀರಿನಲ್ಲಿ ಊಟ ಜಾಸ್ತಿ ಬರುತ್ತದೆ, ಆದರೆ ಅಲ್ಲಿ ನಿಲ್ಲುವುದಕ್ಕೇ ಶಕ್ತಿಯೆಲ್ಲ ಹೋಗುತ್ತದೆ. ನಿಧಾನ ನೀರಿನಲ್ಲಿ ಆರಾಮ, ಆದರೆ ತಿನ್ನಲು ಏನೂ ಬರುವುದಿಲ್ಲ. ಹಾಗಾಗಿ ಅದು ಎರಡರ ಗಡಿಯಲ್ಲಿ ನಿಲ್ಲುತ್ತದೆ, ಮೂತಿ ಸೆಳೆತದ ಕಡೆಗೆ, ಮೈ ನಿಧಾನ ನೀರಿನಲ್ಲಿ. ನೀವು ಹುಡುಕಬೇಕಾದ್ದು ಆ ಗಡಿ. ನೊರೆ ಸಾಲಾಗಿ ತೇಲಿ ಹೋಗುತ್ತದಲ್ಲ, ಬಹಳ ಸಲ ಅದೇ ಗೆರೆ. ಎಲೆ ಕಸ ಎಲ್ಲಿ ಹರಿಯುತ್ತದೋ ಹುಳು ಹುಪ್ಪಟೆಯೂ ಅಲ್ಲೇ ಹರಿಯುತ್ತವೆ.

ಇನ್ನು ಮಡು. ನದಿ ತಿರುಗುವ ಕಡೆ ನೋಡಿ. ತಿರುವಿನ ಹೊರಗಿನ ದಡಕ್ಕೆ ನೀರು ಗುದ್ದಿ ಕೊರೆಯುತ್ತದೆ, ಅಲ್ಲಿ ಆಳ. ಒಳಗಿನ ದಡದಲ್ಲಿ ಮರಳು ಬಂದು ಕೂರುತ್ತದೆ, ಅಲ್ಲಿ ಮೊಣಕಾಲುದ್ದ ನೀರು. ನಮ್ಮ ಜನ ಏನು ಮಾಡುತ್ತಾರೆ? ಮರಳಿನ ಮೇಲೆ ಕೂರಲು ಚೆನ್ನಾಗಿದೆ ಅಂತ ಒಳದಡದಲ್ಲಿ ಕೂತು ಕಾಲ ಬುಡಕ್ಕೇ ಗಾಳ ಹಾಕುತ್ತಾರೆ. ಅಲ್ಲಿ ಕೂರಿ ಪರವಾಗಿಲ್ಲ, ಆದರೆ ಆಚೆ ದಡದ ಬುಡಕ್ಕೆ ಎಸೆಯಿರಿ.

ಕಲ್ಲಿನ ಮೇಲೆ ಜುಳುಜುಳು ಹರಿಯುವ ತೆಳು ನೀರು, ಆಮೇಲೆ ಮಡು, ಮತ್ತೆ ತೆಳು ನೀರು, ಹೀಗೆ ಸರದಿಯಲ್ಲಿ ಬರುತ್ತವೆ. ಈ ಸರದಿಗೆ ಒಂದು ಅಂದಾಜು ಲೆಕ್ಕವೂ ಇದೆ. ಸಾಮಾನ್ಯವಾಗಿ ನದಿಯ ಅಗಲದ 5ರಿಂದ 7 ಪಟ್ಟು ದೂರಕ್ಕೆ ಒಂದು ಮಡು. ನಿಮ್ಮದು 20 ಮೀಟರ್ ಅಂದರೆ 100-140 ಮೀಟರಿಗೆ ಒಂದು. ಅಂದರೆ ಸೇತುವೆಯಿಂದ ಅರ್ಧ ಕಿಲೋಮೀಟರ್ ನಡೆದರೆ ನಾಲ್ಕು ಮಡು ದಾಟಿರುತ್ತೀರಿ. ಬಂಡೆ, ಮರದ ಬೊಡ್ಡೆ ಇದ್ದರೆ ಲೆಕ್ಕ ತಪ್ಪುತ್ತದೆ, ಆದರೆ ನಡೆಯಲು ಒಂದು ಧೈರ್ಯ ಅಂತೂ ಬರುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಗೂಗಲ್ ಅರ್ತ್ ತೆರೆದು, ಬೇಸಿಗೆಯಲ್ಲಿ ತೆಗೆದ ಹಳೆಯ ಚಿತ್ರ ಹುಡುಕಿ. ನೀರು ಕಡಿಮೆ ಇದ್ದಾಗ ಮರಳು ಬೆಳ್ಳಗೆ, ಮಡು ಕಪ್ಪಗೆ ಕಾಣುತ್ತದೆ. ಮಳೆಗಾಲದ ಚಿತ್ರ ನೋಡಿ ಪ್ರಯೋಜನ ಇಲ್ಲ, ಉದ್ದಕ್ಕೂ ಕೆಂಪು ನೀರು ಅಷ್ಟೇ.

ಮತ್ತೆ ಬೆಂಡು ತೆಗೆದುಹಾಕಿ. ಮೇಲಿನ ನೀರು ಜೋರು, ತಳದ ನೀರು ಕಲ್ಲಿಗೆ ಉಜ್ಜಿ ನಿಧಾನ. ಬೆಂಡು ಇರುವುದು ಜೋರು ನೀರಿನಲ್ಲಿ, ಮೀನು ಇರುವುದು ತಳದಲ್ಲಿ, ಬೆಂಡು ನಿಮ್ಮ ಎರೆಯನ್ನು ಎಳೆದುಕೊಂಡು ಓಡುತ್ತದೆ. ಭಾರ ಕಟ್ಟಿ ತಳಕ್ಕೆ ಬಿಡಿ.

ಹಳೇದೋಣಿ:
ಸೀಸದಗುಂಡು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೀನು ಇರುತ್ತದೆ, ನಿಜ. ಆದರೆ ಹೊಸಬರಿಗೆ ಆ ಜಾಗ ಹೇಳಬೇಡಿ. ಕಟ್ಟೆ ಮೇಲಿಂದ ಬಿದ್ದ ನೀರು ಕೆಳಗೆ ಹಿಮ್ಮುಖವಾಗಿ ಉರುಳುತ್ತಿರುತ್ತದೆ, ಅದರೊಳಗೆ ಬಿದ್ದವನನ್ನು ಮತ್ತೆ ಮತ್ತೆ ಕಟ್ಟೆಯ ಬುಡಕ್ಕೇ ಎಳೆಯುತ್ತದೆ, ಈಜು ಬಂದರೂ ಅಷ್ಟೇ.

ಮೇಲೆ ದೊಡ್ಡ ಅಣೆಕಟ್ಟು ಇದ್ದರಂತೂ ಇನ್ನೊಂದು ಕತೆ. ಒಮ್ಮೆ ನದಿಯ ನಡುವಿನ ಬಂಡೆ ಮೇಲೆ ಕೂತಿದ್ದೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಪಕ್ಕದಲ್ಲಿ ಇಟ್ಟಿದ್ದ ಎರೆ ಡಬ್ಬಿಯ ಬುಡ ಒದ್ದೆ ಆಗಿತ್ತು. ನಾನೇ ನೀರು ಚೆಲ್ಲಿದೆ ಅಂದುಕೊಂಡೆ. ಎರಡನೇ ಸಲ ತಿರುಗಿದಾಗ ಡಬ್ಬಿ ತೇಲಿಕೊಂಡು ಹೋಗುತ್ತಿತ್ತು. ಮೇಲೆ ಗೇಟು ತೆರೆದಿದ್ದರು, ನನಗೆ ಯಾವ ಸೈರನ್ನೂ ಕೇಳಿಸಲಿಲ್ಲ. ಬರುವಾಗ ಮೊಣಕಾಲು ಮುಳುಗದ ಜಾಗದಲ್ಲಿ ಹೋಗುವಾಗ ಎದೆ ಮಟ್ಟ. ಗಾಳದ ಕೋಲು ಬಿಟ್ಟೆ, ಜೀವ ಉಳಿಯಿತು. ಆವತ್ತಿನಿಂದ ದಡದಲ್ಲಿ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಕೂರುತ್ತೇನೆ. ಕಡ್ಡಿ ನೆನೆದರೆ ಎದ್ದೆ.

ಇನ್ನೊಂದು, ಕಟ್ಟೆಯ ಹತ್ತಿರ ಗಾಳ ಹಾಕಬಾರದು ಅಂತ ಬಹಳ ಕಡೆ ನಿಯಮ ಇದೆ. ಮೊಟ್ಟೆ ಇಡುವ ತಿಂಗಳಲ್ಲಿ ಇಡೀ ನದಿಯನ್ನೇ ಮುಚ್ಚುವ ಕಡೆಯೂ ಇದೆ. ಪರವಾನಗಿ ಬೇಕಾ, ಹೊಲದ ಮೇಲೆ ಹಾದು ಹೋಗಬಹುದಾ, ಮೊದಲು ಕೇಳಿಕೊಳ್ಳಿ.

ಸೀಸದಗುಂಡು:
ಸರಿ ಸಾರ್, ಕಟ್ಟೆ ವಿಷಯ ಹಿಂದೆ ತೆಗೆದುಕೊಂಡೆ. ಆದರೆ ಹಳ್ಳ ಬಂದು ಸೇರುವ ಜಾಗಕ್ಕೆ ಯಾರ ಅಭ್ಯಂತರವೂ ಇರಲಾರದು ಅಲ್ವಾ? ಬಿಸಿಲು ಕಾಲಕ್ಕೆ ಅದೇ ಮೊದಲು ನೋಡಬೇಕಾದ ಜಾಗ.

ತಣ್ಣೀರು:
ಅಭ್ಯಂತರ ಏಕೆ, ಕಾರಣವೂ ಇದೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವುದು ಕಡಿಮೆ. 10 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಗುಡ್ಡದ ನೆರಳಿನಿಂದ ಬರುವ ಹಳ್ಳ ತಣ್ಣಗಿರುತ್ತದೆ, ಮೀನು ಅದರ ಬಾಯಿಗೆ ಬಂದು ನಿಲ್ಲುತ್ತದೆ. ಕೈ ಅದ್ದಿ ನೋಡಿದರೂ ಗೊತ್ತಾಗುತ್ತದೆ. ಕಡು ಬೇಸಿಗೆಯಲ್ಲಿ ಮಧ್ಯಾಹ್ನ ಸುಮ್ನೆ ಮಲಗಿ, ಬೆಳಗಿನ ಜಾವ ಹೋಗಿ.

ಆದರೆ ಹೊಸಗಾಳ ಅವರೇ, ಒಳ್ಳೆ ಜಾಗ ಸಿಕ್ಕಿಯೂ ಮೀನು ಸಿಗದಿದ್ದರೆ ತಪ್ಪು ನಡಿಗೆಯದ್ದು. ಮೀನಿನ ಮೈ ಪಕ್ಕದಲ್ಲಿ ಬಾಲದವರೆಗೆ ಒಂದು ಗೆರೆ ಇರುತ್ತದಲ್ಲ, ನೀರಿನ ಅದುರು ಅದಕ್ಕೆ ತಿಳಿಯುತ್ತದೆ. ದಡದ ಮೇಲೆ ದಪದಪ ನಡೆದರೆ ನೀವು ಬಂದ ಸುದ್ದಿ ಮೊದಲೇ ಮುಟ್ಟಿರುತ್ತದೆ. ದಡದ ಅಂಚಿಗೆ ಬಂದು ಎದ್ದು ನಿಲ್ಲಬೇಡಿ. ಬೆಳಕು ಬಾಗುವುದರಿಂದ, ನಿಂತವನು ಕಾಣುವಷ್ಟು ಸುಲಭವಾಗಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂತವನು ಮೀನಿಗೆ ಕಾಣುವುದಿಲ್ಲ.

ಹೊಸಗಾಳ:
ಹತ್ತು ದಿನ ಆದ ಮೇಲೆ ಬಂದೆ, ಕ್ಷಮಿಸಿ. ಚಿತ್ರದಲ್ಲಿ ಕಪ್ಪಗೆ ಕಂಡ ಮೂರು ಜಾಗ ಗುರುತು ಮಾಡಿಕೊಂಡು ಸೇತುವೆಯಿಂದ ಮೇಲಕ್ಕೆ ನಡೆದೆ. ಮೊದಲನೆಯದು ಹೂತುಹೋಗಿತ್ತು, ಈಗ ಬರೀ ಮರಳು. ಎರಡನೆಯದು ತಿರುವಿನಲ್ಲಿ, ಹೊರದಡದಿಂದ ಒಂದು ಮರ ನೀರಿಗೆ ಒರಗಿ ಬಿದ್ದಿದೆ, ಅದರ ತುದಿಯಲ್ಲಿ ನೊರೆ ಗೆರೆ ಎರಡಾಗಿ ಸೀಳಿ ಹೋಗುತ್ತದೆ. ಭಾರ ಬಿಟ್ಟು ಆಳ ನೋಡಿದೆ, ಎಸೆದ ಮೇಲೆ ದಾರ ಸಡಿಲ ಆಗಲು ನಾಲ್ಕು ಎಣಿಸಬೇಕಾಯಿತು. ಕೂತು ಕೂತು ಕಾಲು ಮರಗಟ್ಟಿತು. ಬೆಂಡು ಇಲ್ಲದೆ ಮೀನು ಕಚ್ಚಿದ್ದು ಹೇಗೆ ತಿಳಿಯುತ್ತದೆ ಅಂತ ಕೇಳೋಣ ಅಂದುಕೊಂಡಿದ್ದೆ. ಕೇಳುವ ಅಗತ್ಯ ಬರಲಿಲ್ಲ. ದಾರದ ಮೇಲಿದ್ದ ಬೆರಳಿಗೆ ಮೊದಲು ಟಕ್ ಟಕ್ ಅಂತ ತಟ್ಟಿದ ಹಾಗಾಯಿತು, ಆಮೇಲೆ ಕೋಲಿನ ತುದಿಯೇ ಬಗ್ಗಿತು. ಗೆಂಡೆ ಮೀನು, ನನ್ನ ಮೊಣಕೈಯಿಂದ ಬೆರಳ ತುದಿವರೆಗೆ ಉದ್ದ. ಕೈ ಒದ್ದೆ ಮಾಡಿಕೊಂಡೇ ಹಿಡಿದು ವಾಪಸ್ ಬಿಟ್ಟೆ.

ಆದರೆ ಆ ಮರ ನನ್ನ ನಾಲ್ಕು ಕೊಕ್ಕೆ ನುಂಗಿತು. ಇದಕ್ಕೆ ಏನಾದರೂ ಉಪಾಯ ಇದೆಯಾ?

ಮಡುಕಾಯುವವ:
ಭಾರವನ್ನು ಮುಖ್ಯ ದಾರಕ್ಕೆ ನೇರ ಕಟ್ಟಬೇಡಿ. ಅದಕ್ಕಿಂತ ತೆಳ್ಳನೆ ದಾರದ ಒಂದು ಗೇಣು ತುಂಡಿನಲ್ಲಿ ಕಟ್ಟಿ. ಮೊದಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಭಾರವೇ, ಎಳೆದರೆ ಆ ತುಂಡು ಹರಿದು ಭಾರ ಮಾತ್ರ ಹೋಗುತ್ತದೆ, ಕೊಕ್ಕೆ ವಾಪಸ್ ಬರುತ್ತದೆ. ಹೇಗೂ ಕಳೆದುಹೋಗುವ ಭಾರ, ಸೀಸ ಬೇಡ, ನೀರುಹಕ್ಕಿಗಳು ನುಂಗಿ ಸಾಯುತ್ತವೆ. ಹಳೇ ಕಬ್ಬಿಣದ ನಟ್ಟು ಸಾಕು.

ಮೂರನೇ ಜಾಗ ಏನಾಯಿತು, ಅದನ್ನು ಹೇಳಲೇ ಇಲ್ಲ ನೀವು?

ಹೊಸಗಾಳ:
ಅಲ್ಲಿವರೆಗೆ ಯಾರು ಹೋದರು ಸಾರ್!