1995ರ ಜಿಪ್ ಫೈಲಿನ ಪಾಸ್‌ವರ್ಡ್ ಮರೆತು ಹೋಗಿದೆ, ಇದು ವಯಸ್ಸಿನ ಮರೆವಾ?

ಮುಲುಂಡ್_386

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಮಾರಾಯ್ರೆ.

ನನಗೀಗ 68. 1994-95ರಲ್ಲಿ ಫೋರ್ಟಿನ ಒಂದು ಆಫೀಸಲ್ಲಿ ಇದ್ದೆ, ಅಲ್ಲಿ ಹಿಂದಿ ಪತ್ರ ಟೈಪ್ ಮಾಡ್ಲಿಕ್ಕೆ ಅಂತ ಒಂದು 386 ಕಂಪ್ಯೂಟರಿಗೆ ಸಿಡ್ಯಾಕ್‌ನ (ಸರಕಾರದ ಕಂಪ್ಯೂಟರ್ ಸಂಸ್ಥೆ) ಜಿಸ್ಟ್ ಕಾರ್ಡ್ ಹಾಕಿಸಿದ್ರು, ನಮ್ಮ ಭಾಷೆಯ ಲಿಪಿ ಬರ್ಲಿಕ್ಕೆ. ಅದ್ರಲ್ಲಿ ಹಿಂದಿ ಮಾತ್ರ ಅಲ್ಲ ಕನ್ನಡವೂ ಬರ್ತದೆ, ಕೀಲಿಗಳೂ ಅವೇ ಅಂತ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಅಪ್ಪನ ಕತೆ ಬರೆದಿಡ್ಬೇಕು ಅಂತ ತುಂಬ ದಿನದಿಂದ ಇತ್ತು. ಅಪ್ಪ 1949ರಲ್ಲಿ ಕುಂದಾಪುರ ಕಡೆಯಿಂದ ಬೊಂಬಾಯಿಗೆ ಬಂದವರು, ಹೋಟೆಲಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಆದಿತ್ಯವಾರ ಅವರು ಹೇಳಿದ್ದನ್ನ ನಾನು ನೋಟ್ ಬುಕ್ಕಲ್ಲಿ ಗೀಚ್ಕೊಂಡು, ಶನಿವಾರ ಆಫೀಸ್ ಬಿಟ್ಟ ಮೇಲೆ ಕೂತು ಟೈಪ್ ಮಾಡ್ತಿದ್ದೆ. ಒಟ್ಟು 9 ಫೈಲ್ ಆಯ್ತು, ಅಪ್ಪ1ರಿಂದ ಅಪ್ಪ9 ತನಕ. ಮನೆ ಸಾಲ, ದಾಯಾದಿ ಜಗಳ ಎಲ್ಲ ಅದ್ರಲ್ಲಿ ಉಂಟು, ಆ ಮೆಷಿನ್ನು ನಾಲ್ಕು ಜನ ಬಳಸ್ತಿದ್ದದ್ದು, ಹಾಗಾಗಿ ಪಿಕೆಜಿಪ್ 2.04ಜಿ ಅಂತ ಫೈಲ್ ಒತ್ತಿ ಸಣ್ಣದು ಮಾಡುವ ಪ್ರೋಗ್ರಾಂ ಅಲ್ಲಿ ಜಿಪ್ ಮಾಡಿ, ಪಾಸ್‌ವರ್ಡ್ ಹಾಕಿ ಫ್ಲಾಪಿಗೆ ತುಂಬಿಸಿ ಮನೆಗೆ ತಂದೆ. ಅಪ್ಪ 1996ರಲ್ಲಿ ಹೋದ್ರು. ನೋಟ್ ಬುಕ್ಕು 2005ರ ಜುಲೈ ನೆರೆಯಲ್ಲಿ ಹೋಯ್ತು. ಉಳಿದದ್ದು ಈ ಫ್ಲಾಪಿ ಒಂದೇ.

ಮೊನ್ನೆ ಲ್ಯಾಮಿಂಗ್ಟನ್ ರೋಡಲ್ಲಿ ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಕ್ಕಿತು, ತಂದು ಹಾಕಿದೆ, ದೇವರ ದಯೆ ಪೂರ್ತಿ ಓದಿತು, ಜಿಪ್ ಲ್ಯಾಪ್‌ಟಾಪಿಗೆ ಬಂತು. ಒಳಗಿನ ಹೆಸರೆಲ್ಲ ಕಾಣ್ತದೆ. ಆದ್ರೆ ಪಾಸ್‌ವರ್ಡ್ ನೆನಪೇ ಇಲ್ಲ! ಮೂರು ವಾರ ಆಯ್ತು, ಹೆಂಡತಿ ಹೆಸರು, ಮಕ್ಕಳ ಹೆಸರು, ದೇವರ ಹೆಸರು, ಆಫೀಸಿನ ಟೋಕನ್ ನಂಬರ್ ಎಲ್ಲ ಹಾಕಿ ನೋಡಿದೆ. ಒಂದು ಅಂಗಡಿಯವರು ರಿಕವರಿಗೆ ಹದಿನೆಂಟು ಸಾವಿರ ಕೇಳಿದ್ರು, ಗ್ಯಾರಂಟಿ ಇಲ್ಲ ಅಂತ ಬೇರೆ.

ಇನ್ನೊಂದು ವಿಷಯ, ಇದೇ ನನಗೆ ಹೆಚ್ಚು ಹೆದರಿಕೆ. ಇತ್ತೀಚೆಗೆ ಬೇರೆಯೂ ಮರೀತಾ ಇದ್ದೇನೆ, ಪಕ್ಕದ ಮನೆಯವರ ಹೆಸರು ಬಾಯಿಗೆ ಬರುದಿಲ್ಲ, ಗ್ಯಾಸ್ ಆಫ್ ಮಾಡಿದ್ನಾ ಅಂತ ಎರಡೆರಡು ಸಲ ಹೋಗಿ ನೋಡ್ತೇನೆ, ಪಾದ ಜೋಮು ಹಿಡಿದ ಹಾಗೆ ಆಗ್ತದೆ. ಶುಗರ್ ಉಂಟು, 12 ವರ್ಷದಿಂದ ಮೆಟ್‌ಫಾರ್ಮಿನ್. ಹೋದ ವರ್ಷ ಎಡಗಣ್ಣಿನ ಪೊರೆ ತೆಗೆಸಿದೆ, ಬಲಗಣ್ಣಿಗೆ ಇನ್ನೂ ಆಗ್ಬೇಕು, ಸ್ಕ್ರೀನ್ ನೋಡುದೇ ಕಷ್ಟ. ಇದು ಆ ದೊಡ್ಡ ಮರೆವಿನ ಕಾಯಿಲೆಯ ಶುರುವಾ? ನಮ್ಮ ವಯಸ್ಸಿನವರು ಇಲ್ಲಿ ಸುಮಾರು ಜನ ಇದ್ದೀರಿ, ಹೇಳಿ.

ಮಾಟುಂಗಾ_ಲ್ಯಾಬ್

ಸರ್, ನಾನು ಆಸ್ಪತ್ರೆ ಲ್ಯಾಬಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವಳು, ಡಾಕ್ಟರ್ ಅಲ್ಲ, ಆದ್ರೆ ನೀವು ಬರೆದಿದ್ದು ಓದ್ತಿದ್ದ ಹಾಗೆ ನನಗೆ ಮೊದಲು ಹೊಳೆದಿದ್ದು ವಿಟಮಿನ್ ಬಿ12. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ ಕರುಳು ಬಿ12 ಹೀರಿಕೊಳ್ಳೋದು ಕಮ್ಮಿ ಆಗುತ್ತೆ, ಅದರ ಮೇಲೆ ನೀವು ಸಸ್ಯಾಹಾರಿ ಆಗಿದ್ರೆ ಬರೋ ದಾರಿನೂ ಹಾಲು ಮೊಸರು ಬಿಟ್ರೆ ಬೇರೆ ಇಲ್ಲ. ಬಿ12 ಇಳಿದ್ರೆ ಮರೆವು ಬರುತ್ತೆ, ಪಾದ ಜೋಮು ಹಿಡಿಯುತ್ತೆ. ಜೋಮು ಶುಗರಿಂದಲೂ ಬರುತ್ತೆ, ಅದಕ್ಕೇ ಎಲ್ಲರೂ ಶುಗರ್ ಅಂದ್ಕೊಂಡು ಸುಮ್ನಾಗ್ತಾರೆ, ಬಿ12 ನೋಡೋದೇ ಇಲ್ಲ. ಒಂದು ರಕ್ತ ಪರೀಕ್ಷೆ ಕಣ್ರೀ, ಅಷ್ಟೇ. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಬಂದ್ರೆ ಕೊರತೆ ಅಂತಾರೆ. ಜೊತೆಗೆ ಥೈರಾಯ್ಡೂ ಮಾಡಿಸಿ, ಅದು ಕಮ್ಮಿ ಆದ್ರೂ ತಲೆ ಮಂಕಾಗುತ್ತೆ.

ಒಂದು ಮಾತು, ಅಂಗಡಿಗೆ ಹೋಗಿ ಯಾವುದೋ ಫೋಲಿಕ್ ಆ್ಯಸಿಡ್ ಮಾತ್ರೆ ತಂದು ನೀವೇ ನುಂಗ್ಬೇಡಿ. ಬಿ12 ಕಮ್ಮಿ ಇರುವಾಗ ಬರೀ ಫೋಲಿಕ್ ತಗೊಂಡ್ರೆ ರಕ್ತ ಸರಿಯಾದ ಹಾಗೆ ರಿಪೋರ್ಟಲ್ಲಿ ಕಾಣುತ್ತೆ, ನರಕ್ಕೆ ಆಗೋ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತೆ. ಡಾಕ್ಟರ್ ಹತ್ರ ಹೋಗಿ, ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ಅಂತ ನೀವಾಗೇ ಹೇಳಿ, ಅವರು ಕೇಳ್ದೇ ಇರಬಹುದು.

ಮತ್ತೆ 30 ವರ್ಷದ ಹಿಂದೆ ಒಂದೇ ಸಲ ಹಾಕಿದ ಪಾಸ್‌ವರ್ಡ್ ಮರೆತದ್ದು ಕಾಯಿಲೆ ಅಲ್ಲ ಸರ್, ಅದನ್ನ ಆ ಲೆಕ್ಕಕ್ಕೆ ಸೇರಿಸ್ಲೇಬೇಡಿ.

ಕಣ್ಣಿನ ಬಗ್ಗೆ. ನಮ್ಮ ಯಜಮಾನರಿಗೂ ಪೊರೆ ತೆಗೆದು ದೂರದ ಲೆನ್ಸ್ ಹಾಕಿದ್ರು, ಓದೋ ಕನ್ನಡಕ ಬೇರೆ ಕೊಟ್ರು, ಅದು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಮುಂದೆ ಚಾಚಿ ಚಾಚಿ ಕುತ್ತಿಗೆ ನೋವು ಬಂತು. ಕಾರಣ ಏನಪ್ಪಾ ಅಂದ್ರೆ ಪುಸ್ತಕ 40 ಸೆಂಟಿಮೀಟರ್ ದೂರ, ಅದಕ್ಕೆ 2.5 ನಂಬರ್ ಬೇಕು, ಸ್ಕ್ರೀನ್ ಇರೋದು 65 ಸೆಂಟಿಮೀಟರ್ ದೂರ, ಅದಕ್ಕೆ 1.5 ಸಾಕು. ಕನ್ನಡಕದವರ ಹತ್ರ ಹೋಗುವಾಗ ಮನೇಲಿ ಕೂತಲ್ಲಿಂದ ಸ್ಕ್ರೀನಿಗೆ ಟೇಪಲ್ಲಿ ಅಳೆದು ಆ ಅಳತೆ ಹೇಳಿ, ಕಂಪ್ಯೂಟರಿಗೇ ಅಂತ ಒಂದು ಬೇರೆ ಮಾಡಿಸ್ಕೊಳ್ಳಿ.

ಪುಣೆ_ವಿಜಾಪುರದಂವ

ರಾಯರ, ಆರೋಗ್ಯದ್ದು ಮೇಡಂ ಹೇಳ್ಯಾರ, ನಾ ಫೈಲಿಂದು ಹೇಳ್ತೀನಿ. ಆ ಅಂಗಡಿಯವ್ರಿಗೆ ಒಂದ್ ರೂಪಾಯಿನೂ ಕೊಡಬ್ಯಾಡ್ರಿ. ನಿಮ್ಮ ಪಾಸ್‌ವರ್ಡ್ ಏನಂತ ಗೊತ್ತಿಲ್ದನೂ ಆ ಜಿಪ್ ತೆಗೀಬಹುದು.

ಹೆಂಗಂದ್ರ, 2.04ರ ಕಾಲದ ಜಿಪ್ ಬೀಗ ಬಾಳ ಅಶಕ್ತ ಅದ. ನೀವು ಎಷ್ಟೇ ಉದ್ದ ಪಾಸ್‌ವರ್ಡ್ ಹಾಕ್ರಿ, ಅದು ಒಳಗ ಹೋಗಿ ಮೂರು ಸಂಖ್ಯೆ ಆಗ್ತದ, ಒಂದೊಂದು 32 ಬಿಟ್ಟಿಂದು. ಆ ಮೂರು ಸಂಖ್ಯೆ ಸಿಕ್ಕ್ರ ಪಾಸ್‌ವರ್ಡೇ ಬ್ಯಾಡ. 1994ರಾಗ ಬಿಹಾಮ್ ಮತ್ತ ಕೋಚರ್ ಅಂತ ಇಬ್ರು ಇದನ್ನ ಒಡಿಯೂ ದಾರಿ ಬರದು ತೋರಿಸ್ಯಾರ, ಅಂದ್ರ ನೀವು ಬೀಗ ಹಾಕೂ ಹೊತ್ತಿಗೇ ಅದು ಮುರದಿತ್ತು. ಈಗ ಬಿಕೆಕ್ರ್ಯಾಕ್ ಅಂತ ಪುಕ್ಕಟ ಪ್ರೋಗ್ರಾಂ ಅದ, ಅದಕ್ಕ ಬೇಕಾದ್ದು ಬೀಗದ ಒಳಗ ಏನದ ಅನ್ನೂದು ಕನಿಷ್ಠ 12 ಬೈಟು, ಅದ್ರಾಗ 8 ಒಂದಕ್ಕೊಂದು ಹತ್ತಿ ಇರಬೇಕು. ಹೆಚ್ಚು ಸಿಕ್ಕಷ್ಟು ಲಗೂನ ಆಗ್ತದ.

ಹಂಗಾಗಿ ನನ್ನ ಪ್ರಶ್ನೆ ಒಂದೇ. ಆ ಒಂಬತ್ತು ಫೈಲಿನ ಪೈಕಿ ಯಾವುದಾದ್ರೂ ಒಂದು, ಪಾಸ್‌ವರ್ಡ್ ಇಲ್ದ, ಎಲ್ಲೆರೆ ಉಳದದ ಏನು? ಯಾರಿಗರೆ ಪ್ರಿಂಟಿಗೆ ಕೊಟ್ಟಿದ್ರೇನು? ಒಂದು ಸಿಕ್ಕ್ರ ಸಾಕ್ರಿ, ಒಂಬತ್ತಕ್ಕೂ ಒಂದೇ ಪಾಸ್‌ವರ್ಡ್ ಹಾಕೀರಂದ್ರ ಒಂಬತ್ತೂ ತೆರೀತಾವ.

ಸಿಕ್ಕ್ರ ಹಿಂಗ ಮಾಡ್ರಿ. ಜಿಪ್ಪಿನ ಪಟ್ಟಿಯೊಳಗ ಪ್ರತಿ ಫೈಲಿನ ಮುಂದ ಸಿಆರ್‌ಸಿ ಅಂತ 8 ಅಕ್ಷರದ ಗುರುತು ಇರ್ತದ, ಪಾಸ್‌ವರ್ಡ್ ಇಲ್ದನೂ ಕಾಣ್ತದ. ನಿಮಗ ಸಿಕ್ಕ ಫೈಲಿನ ಸಿಆರ್‌ಸಿ ಅದಕ್ಕ ಸರಿ ಹೋಗಬೇಕು, ಹೋಗಲಿಲ್ಲಂದ್ರ ಆಮ್ಯಾಲ ನೀವು ಏನೋ ತಿದ್ದೀರಿ ಅಂತ ಅರ್ಥ, ಒಂದ್ ಅಲ್ಪವಿರಾಮ ತಿದ್ದಿದ್ರೂ ಅಷ್ಟ. ಸರಿ ಹೋದ್ರ ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಂ ಈಗಿನ ಮಷಿನ್ನಿನಾಗ ಓಡಿಸೂದು) ಹಾಕ್ಕೊಂಡು ಅದೇ ಪಿಕೆಜಿಪ್ 2.04ಜಿ ಇಂದನ ಮತ್ತ ಜಿಪ್ ಮಾಡ್ರಿ, ಪಾಸ್‌ವರ್ಡ್ ಇಲ್ದ. ಈಗಿನ ಸಾಫ್ಟ್‌ವೇರಿಂದ ಮಾಡಿದ್ರ ಕೂಡಂಗಿಲ್ಲ, ಯಾಕಂದ್ರ ಬೀಗ ಹಾಕಿದ್ದು ನಿಮ್ಮ ಅಕ್ಷರಕ್ಕಲ್ಲ, ಸಂಕುಚಿತ ಆದ ಬೈಟಿಗೆ, ಒಂದೊಂದು ಪ್ರೋಗ್ರಾಂ ಒಂದೊಂದು ಥರ ಮಡಚ್ತದ. ಮಾಡಿದ ಮ್ಯಾಲ ಸೈಜ್ ನೋಡ್ರಿ. ಬೀಗ ಹಾಕಿದ್ದು ಹಾಕದ್ದಕ್ಕಿಂತ ಬರೋಬ್ಬರಿ 12 ಬೈಟ್ ಹೆಚ್ಚಿರಬೇಕು, ಆ 12 ಬೀಗದ ತಲಿಬರಹ. ಅಷ್ಟು ಕೂಡಿತಂದ್ರ ಅರ್ಧ ಕೆಲಸ ಆತು ಅಂತ ತಿಳೀರಿ.

ತೆರದ ಮ್ಯಾಲ ಅಕ್ಷರ ಕಸಬರಿಗಿ ಕಡ್ಡಿ ಹಂಗ ಕಾಣ್ತಾವ, ಗಾಬರಿ ಆಗಬ್ಯಾಡ್ರಿ, ಅದು ಇಸ್ಕಿ, ಯುನಿಕೋಡಿಗಿಂತ ಮೊದಲಿನ ಭಾರತೀಯ ಲಿಪಿಗಳ ಕೋಡ್. ಇಸ್ಕಿಯೊಳಗ ಹಿಂದಿ ಕ, ಕನ್ನಡ ಕ ಎರಡಕ್ಕೂ ಒಂದೇ ಕೋಡ್, ಅದಕ್ಕ ನಿಮ್ಮ ಹಿಂದಿ ಮಷಿನ್ನಿನಾಗ ಕನ್ನಡ ಅಷ್ಟು ಸಲೀಸ ಬಂತು. ಯುನಿಕೋಡಿನ ಭಾರತೀಯ ಲಿಪಿ ಪಟ್ಟಿನೂ ಇಸ್ಕಿ ನೋಡೇ ಜೋಡಿಸ್ಯಾರ, ಪರಿವರ್ತನೆಗೆ ಸಣ್ಣ ಟೇಬಲ್ ಸಾಕು. ಲಿನಕ್ಸಿನಾಗ ಐಸಿಯು ಅಂತ ಅಕ್ಷರ ಪರಿವರ್ತನೆ ಮಾಡೂ ಸಾಫ್ಟ್‌ವೇರ್ ಲೈಬ್ರರಿ ಅದ, ಅದಕ್ಕ ಇಸ್ಕಿ ಬರ್ತದ. ಬರದಿದ್ರ ನನಗ ಹೇಳ್ರಿ, ನಾ ಮಾಡಿ ಕೊಡ್ತೀನಿ.

ಮುಲುಂಡ್_386

ನಿಮ್ಮಿಬ್ಬರಿಗೂ ಹೇಗೆ ಹೇಳ್ಬೇಕು ಗೊತ್ತಾಗ್ತಿಲ್ಲ. ರಕ್ತ ಕೊಟ್ಟು ಬಂದೆ.

ಪುಣೆಯವರು ಕೇಳಿದ್ದು ಓದಿ ರಾತ್ರಿ ಎರಡು ಗಂಟೆಗೆ ನೆನಪಾಯ್ತು, ಮೂರನೇ ಅಧ್ಯಾಯ ರಾತ್ರಿ ಶಾಲೆದ್ದು, ಅದನ್ನ ಅಕ್ಕ ಓದ್ಬೇಕು ಅಂತ ಹೇಳಿ ಒಂದು ಫ್ಲಾಪಿಗೆ ಹಾಕಿ ಕೊಟ್ಟಿದ್ದೆ. ಅಕ್ಕನೂ ಪುಣೆಯಲ್ಲೇ, ಕೋಥ್ರೂಡ್. ಬೆಳಿಗ್ಗೆ ಫೋನ್ ಮಾಡಿದ್ರೆ "ಅದು ಕಪಾಟಲ್ಲಿ ಅಮ್ಮನ ಸೀರೆ ಕೆಳಗೆ ಉಂಟು, ಬಿಸಾಡ್ಲಿಲ್ಲ" ಅಂದ್ಲು. ಅವಳಿಗೆ 74. ಬಸ್ಸಲ್ಲಿ ಹೋಗಿ ತಂದೆ. ಆದ್ರೆ ತಗಡಿನ ಬಾಗಿಲು ಸರಿಸಿ ನೋಡಿದ್ರೆ ಒಳಗಿನ ಕಪ್ಪು ತಟ್ಟೆ ಮೇಲೆ ಬಿಳಿ ಚುಕ್ಕಿ, ಜೇಡರ ಬಲೆ ಹಾಗೆ. ಡ್ರೈವಿಗೆ ಹಾಕ್ಲಾ?

ವಾಸ್ಕೋ_ಫ್ಲಾಪಿ

ಹಾಕ್ಬೇಡಿ ಸರ್, ದಯವಿಟ್ಟು ಹಾಗೇ ಹಾಕ್ಬೇಡಿ. ಅದು ಬೂಷ್ಟು, ಮಳೆಗಾಲದ ಊರಲ್ಲಿ ಎಲ್ಲರ ಫ್ಲಾಪಿಗೂ ಬರುತ್ತೆ, ಗೋವಾದಲ್ಲಿ ನನ್ನವು ನೂರಕ್ಕೂ ಹೆಚ್ಚು ಹಾಗಾಗಿದ್ವು. ಹಾಗೇ ಹಾಕಿದ್ರೆ ಡ್ರೈವಿನ ಹೆಡ್ಡು ಅದನ್ನ ಉಜ್ಜಿ ತಟ್ಟೆ ಮೇಲೆ ಗೆರೆ ಎಳೆಯುತ್ತೆ, ಆ ಗೆರೆ ಇರೋ ಜಾಗದ ಅಕ್ಷರ ಮತ್ತೆ ಬರಲ್ಲ, ಹೆಡ್ಡಿಗೆ ಮೆತ್ತಿದ್ದು ಮುಂದಿನ ಫ್ಲಾಪಿಗೂ ಅಂಟುತ್ತೆ.

ಮೆಡಿಕಲ್ಲಲ್ಲಿ ಐಸೋಪ್ರೊಪಿಲ್ ಆಲ್ಕೋಹಾಲ್ ಕೇಳಿ. ಕಿವಿಗೆ ಹಾಕೋ ಬಡ್ಸ್ ಅದರಲ್ಲಿ ಅದ್ದಿ, ಹಿಂಡಿ, ತಗಡು ಸರಿಸಿ ಹಿಡ್ಕೊಂಡು ತಟ್ಟೆ ಮೇಲೆ ಮೆಲ್ಲಗೆ, ಒತ್ತದೆ ಒರೆಸಿ. ಹಿಂದುಗಡೆ ನಡುವಲ್ಲಿರೋ ಲೋಹದ ಬಿಲ್ಲೆನ ಬೆರಳಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಹೋಗಿ, ಪ್ರತಿ ಸಲ ಹೊಸ ಬಡ್ಸ್. ಎರಡೂ ಬದಿ ಆಗ್ಬೇಕು. ಪೂರ್ತಿ ಆರಿದ ಮೇಲೆ ಲೈಟಿಗೆ ಹಿಡಿದು ನೋಡಿ. ನಿಮ್ಮ ಒಂದು ಕಣ್ಣಿಗೆ ಪೊರೆ ಇರೋದ್ರಿಂದ ಈ ಕೆಲಸಕ್ಕೆ ಮಗನೋ ಮೊಮ್ಮಗಳೋ ಜೊತೇಲಿ ಕೂರ್ಲಿ. ಆಮೇಲೆ ಫೈಲ್ ಕಾಪಿ ಮಾಡೋಕೆ ಹೋಗ್ಬೇಡಿ, ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಇಂದ ಇಡೀ ಫ್ಲಾಪಿದು ಇಮೇಜ್, ಅಂದ್ರೆ ಪೂರ್ತಿ ನಕಲು, ತೆಗೀರಿ, ಅದು ಓದಕ್ಕಾಗದ ಸೆಕ್ಟರ್ ಬಿಟ್ಟು ಮುಂದೆ ಹೋಗಿ, ಕೊನೇಲಿ ವಾಪಸ್ ಬಂದು ಮತ್ತೆ ಪ್ರಯತ್ನ ಮಾಡುತ್ತೆ.

ನಮ್ಮಂಥವರು ಈ ಫೈಲುಗಳನ್ನ ಇಷ್ಟು ಹಚ್ಚಿಕೊಂಡಿರೋದು ಯಾಕೆ ಅಂತ ಮನೆಯವರು ಕೇಳ್ತಾರೆ. ಯಾವ ಜಿಪ್ ಫೈಲನ್ನ ಬೇಕಾದ್ರೂ ಹೆಕ್ಸ್ ಎಡಿಟರಲ್ಲಿ (ಫೈಲಿನ ಬೈಟು ಹಾಗೇ ತೋರಿಸೋ ಪ್ರೋಗ್ರಾಂ) ತೆಗೆದು ನೋಡಿ, ಮೊದಲ ಎರಡು ಅಕ್ಷರ ಪಿ, ಕೆ. ಅದು ಪಿಕೆಜಿಪ್ ಮಾಡಿದ ಫಿಲ್ ಕಾಟ್ಜ್ ಅವರ ಹೆಸರು. 2000ದಲ್ಲಿ ತೀರಿಕೊಂಡ್ರು, ಬರೀ 37 ವರ್ಷ. ಅವರು ಬಳಸಿದ ವಿಧಾನದ ಬುಡ 1977ರಲ್ಲಿ ಲೆಂಪೆಲ್ ಮತ್ತು ಜಿವ್ ಬರೆದಿದ್ದು, ಮೊದಲೇ ಬಂದ ಮಾತು ಮತ್ತೆ ಬಂದ್ರೆ ಪೂರ್ತಿ ಬರೀಬೇಡ, ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರ ತಗೋ ಅಂತ ಬರೆದ್ರೆ ಸಾಕು ಅನ್ನೋದು. ಅವರಿಬ್ಬರೂ 2023ರಲ್ಲಿ ಎರಡು ತಿಂಗಳೊಳಗೆ ಒಬ್ಬರ ಹಿಂದೆ ಒಬ್ಬರು ಹೋದ್ರು, ಲೆಂಪೆಲ್‌ಗೆ 86, ಜಿವ್‌ಗೆ 91. ಆ ಸುದ್ದಿ ಓದಿದ ದಿನ ನಾನು ಹಳೇ ಡಬ್ಬಿ ತೆಗೆದು ಫ್ಲಾಪಿ ಒರೆಸೋಕೆ ಕೂತಿದ್ದು.

ಮುಲುಂಡ್_386

ಬರೀಲಿಕ್ಕೆ ಹತ್ತು ದಿನ ತಡ ಆಯ್ತು, ಕ್ಷಮಿಸಿ.

ಬಿ12 ಬಂದದ್ದು 148. ಡಾಕ್ಟರು ಇಂಜೆಕ್ಷನ್ ಶುರು ಮಾಡಿದ್ದಾರೆ, ಥೈರಾಯ್ಡ್ ಸರಿ ಉಂಟು. ಮರೆವು ಪೂರ್ತಿ ಅದರಿಂದಲೇ ಅಂತ ಈಗಲೇ ಹೇಳ್ಲಿಕ್ಕಾಗುದಿಲ್ಲ, ಮೂರು ತಿಂಗಳು ಬಿಟ್ಟು ನೋಡುವ ಅಂದ್ರು. ಮೇಡಂ, ನೀವು ಹೇಳದಿದ್ರೆ ನಾನು ಶುಗರ್ ಅಂತಲೇ ಕೂತಿರ್ತಿದ್ದೆ. ಕನ್ನಡಕವೂ ಮಾಡಿಸಿದೆ, ನನ್ನ ಸ್ಕ್ರೀನ್ 62 ಸೆಂಟಿಮೀಟರ್ ಬಂತು.

ಫ್ಲಾಪಿಯನ್ನ ಮೊಮ್ಮಗಳು ಒರೆಸಿದ್ಲು, ಎಷ್ಟು ಮೆಲ್ಲಗೆ ಅಂದ್ರೆ ಹದಿನಾಲ್ಕು ಬಡ್ಸ್ ಆಯ್ತು. ಇಮೇಜಲ್ಲಿ ಎರಡು ಸೆಕ್ಟರ್ ಬರ್ಲಿಲ್ಲ, ಆದ್ರೆ ಅವು ಖಾಲಿ ಜಾಗದ್ದು. ಅಪ್ಪ3ರ ಸಿಆರ್‌ಸಿ ಎಂಟಕ್ಕೆ ಎಂಟೂ ಸರಿ! 38,412 ಬೈಟ್. ಡಾಸ್‌ಬಾಕ್ಸಲ್ಲಿ ಜಿಪ್ ಮಾಡಿದ್ರೆ 14,295 ಬಂತು, ಬೀಗ ಹಾಕಿದ್ರಲ್ಲಿ 14,307. ನಾನು ಕಾಗದದಲ್ಲಿ ಬರೆದು ಕಳೆದೆ, ಮತ್ತೊಮ್ಮೆ ಕಳೆದೆ, 12. ಬಿಕೆಕ್ರ್ಯಾಕ್ ಮಗ ಓಡಿಸಿದ, ನಾನು ದೇವರ ಕೋಣೆಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ ಬರುವುದರೊಳಗೆ ಮೂರು ಸಂಖ್ಯೆ ಸ್ಕ್ರೀನ್ ಮೇಲೆ ಇತ್ತು. ಒಂಬತ್ತೂ ತೆರೆದದ್ದಾಯ್ತು.

ಆ ಸಂಖ್ಯೆಯಿಂದ ಪಾಸ್‌ವರ್ಡನ್ನೂ ಅದೇ ಪ್ರೋಗ್ರಾಂ ತೆಗೆದು ಕೊಡ್ತದೆ. ಏಳು ಅಂಕಿ. ನನಗೆ ಅದನ್ನ ನೋಡಿಯೂ ಏನೂ ನೆನಪಾಗ್ಲಿಲ್ಲ. ಅಡಿಗೆ ಮನೆಯಿಂದ ಬಂದು ನೋಡಿ ಹೆಂಡತಿ ಹೇಳಿದ್ಲು, "ಕೆಳಗಿನ ಮನೆ ಗುಜರಾತಿಯವರ ಫೋನ್ ನಂಬರ್ ಅಲ್ವಾ ಇದು, ನಮ್ಮ ಪಿಪಿ ನಂಬರು." ಊರಿಗೆ ಹೋದಾಗ ಅಪ್ಪ ಅದಕ್ಕೇ ಫೋನ್ ಮಾಡ್ತಿದ್ದದ್ದು, ಅವರ ಹುಡುಗ ಮೆಟ್ಟಿಲ ಕೆಳಗೆ ನಿಂತು ನನ್ನ ಹೆಸರು ಹಿಡಿದು ಕೂಗ್ತಿದ್ದ.

ಪುಣೆಯವರೇ, ಕನ್ನಡಕ್ಕೆ ಪರಿವರ್ತನೆ ನೀವು ಕಳಿಸಿದ ಟೇಬಲಲ್ಲಿ ಚಂದ ಬಂತು. ಯುನಿಕೋಡಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಬೈಟ್ ಆಗಿ ಫೈಲ್ ದೊಡ್ಡದಾಯ್ತು, ಆದ್ರೆ ಜಿಪ್ ಮಾಡಿದ್ರೆ ಹಳೇದಕ್ಕಿಂತ ಬಹಳ ಹೆಚ್ಚಾಗುದಿಲ್ಲ, ಪ್ರತಿ ಅಕ್ಷರಕ್ಕೂ ಮೊದಲ ಎರಡು ಬೈಟ್ ಹೆಚ್ಚುಕಮ್ಮಿ ಅದದೇ ಬರುವುದಲ್ವಾ. ಮತ್ತೆ ಅಪ್ಪ ಪ್ರತಿ ನಾಲ್ಕು ಸಾಲಿಗೆ "ಅದ್ ಎಂತ ಆಯ್ತ್ ಅಂದ್ರೆ" ಅಂತಾರೆ. ನಾನು ಆಗ ಒಂದನ್ನೂ ಬಿಡದೆ ಟೈಪ್ ಮಾಡಿದ್ದೇನೆ. ಲೆಂಪೆಲ್, ಜಿವ್ ಹೇಳಿದ "ಹಿಂದೆ ಹೋಗಿ ತಗೋ" ಅನ್ನುದು ಏನಂತ ನನಗೆ ಆ ಸಾಲು ನೋಡುವಾಗ ಅರ್ಥ ಆಯ್ತು.

ಈಗ ಪಾಸ್‌ವರ್ಡ್ ಇಲ್ಲದೆ, ಬರೀ ಟೆಕ್ಸ್ಟಾಗಿ ಮೂರು ಕಡೆ ಇಟ್ಟಿದ್ದೇನೆ, ಮಗನ ಹತ್ರ, ಮಗಳ ಹತ್ರ, ಒಂದು ನನ್ನ ಕಪಾಟಲ್ಲಿ.

ಪುಣೆ_ವಿಜಾಪುರದಂವ

ಛಲೋ ಆತ್ರಿ ರಾಯರ, ಓದಿ ಕಣ್ಣಾಗ ನೀರು ಬಂತು. ಪಾಸ್‌ವರ್ಡ್ ಇಲ್ದ ಇಟ್ಟಿದ್ದು ಬಾಳ ಸರಿ. ಮುಂದ ಯಾವುದಕ್ಕರೆ ಹಾಕೂದಿದ್ರ ಕಾಗದದ ಮ್ಯಾಲ ಬರದು ಮಗನ ಕೈಗೆ ಕೊಡ್ರಿ, ಈಗಿನ ಎಇಎಸ್ ಬೀಗಕ್ಕ ಈ ಉಪಾಯ ನಡ್ಯಂಗಿಲ್ಲ. ಅಕ್ಕಾರು ಕೋಥ್ರೂಡ್ ಅಂದ್ರಿ, ಅವ್ರಿಗೆ ಫೈಲ್ ಕಳಿಸಬ್ಯಾಡ್ರಿ, ಪ್ರಿಂಟ್ ಬೇಕು. ನಮ್ಮ ಮನಿ ಅಲ್ಲೇ ಹತ್ರ ಅದ, ನಾ ಮಾಡಿಸಿ ಕೊಟ್ಟು ಬರ್ತೀನಿ.

ಮುಲುಂಡ್_386

ಉಪಕಾರ ಆಯ್ತು. 18 ಪಾಯಿಂಟಲ್ಲಿ ಹಾಕಿಸಿ, ಅವಳಿಗೆ ಸಣ್ಣ ಅಕ್ಷರ ಕಾಣುದಿಲ್ಲ. ಮೂರನೇ ಅಧ್ಯಾಯ ಮೇಲೆ ಇರ್ಲಿ.